ರ‍್ಯಾಪ್‌ನ ಐದು ದಶಕ: ತಲೆಮಾರುಗಳ ನಡುವಿನ ತಕರಾರು

ರ‍್ಯಾಪ್ ಕೆಟ್ಟುಹೋಯಿತು ಎಂಬ ದೂರಿಗೆ ಹೆಚ್ಚುಕಡಿಮೆ ರ‍್ಯಾಪ್‌ನಷ್ಟೇ ವಯಸ್ಸಾಗಿದೆ. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ವಸತಿ ಸಮುಚ್ಚಯದಲ್ಲಿ ಬೆಳೆದ ರ‍್ಯಾಪ್ ಗಾಯಕ ನಾಸ್ 2006ರಲ್ಲಿ ಹೊರತಂದ ತಮ್ಮ ಆಲ್ಬಮ್ಮಿಗೆ ‘ಹಿಪ್‌ಹಾಪ್ ಈಸ್ ಡೆಡ್’ ಎಂದೇ, ಅಂದರೆ ರ‍್ಯಾಪನ್ನು ಒಳಗೊಂಡ ಹಿಪ್‌ಹಾಪ್ ಸಂಸ್ಕೃತಿ ಸತ್ತಿದೆ ಎಂದೇ, ಹೆಸರಿಟ್ಟರು. ಆಗ ಅವರಿಗೆ 33 ವರ್ಷ. ಅವರಿಗಿಂತ ಮೊದಲೂ ಈ ಮಾತನ್ನು ಆಡಿದವರಿದ್ದರು, ಅನಂತರವೂ ಆಡಿದವರಿದ್ದಾರೆ. ಹಳೆಯ ತಲೆಮಾರು ಹೊಸದರ ಮೇಲೆ ಹೊರಿಸುವ ಈ ದೂರಿನಲ್ಲಿ ಎಷ್ಟು ಹುರುಳಿದೆ ಎಂಬುದೇ ಸಭೆಯೊಂದರಲ್ಲಿ ಮಾತನಾಡುತ್ತ ನಾನು ಎತ್ತಿಕೊಂಡ ಪ್ರಶ್ನೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ರ‍್ಯಾಪ್‌ನಲ್ಲಿ ಪ್ರತಿ ಕಾಲಘಟ್ಟಕ್ಕೂ ಕಸುಬು ನೆಲೆಸುವ ಜಾಗ ಬದಲಾಗಿದೆ: ಒಮ್ಮೆ ಅದು ರೆಕಾರ್ಡು ನುಡಿಸುವ ಡಿಜೆಯ ಕೈಬೆರಳುಗಳಲ್ಲಿತ್ತು, ಆಮೇಲೆ ಪದ್ಯದ ಪ್ರಾಸದಲ್ಲಿ, ಬಳಿಕ ಸ್ಯಾಂಪಲ್ (ಹಳೆಯ ರೆಕಾರ್ಡಿನಿಂದ ತೆಗೆದ ಧ್ವನಿಯ ಚೂರು) ಜೋಡಿಸುವವರ ಕಿವಿಯಲ್ಲಿ, ಈಗ ಬಹುಮಟ್ಟಿಗೆ ಧ್ವನಿಯ ಬಣ್ಣದಲ್ಲಿ. ಹಿಂದಿನವರು ತಮ್ಮ ಕಾಲದಲ್ಲಿ ಕಸುಬು ಎಲ್ಲಿತ್ತೋ ಅಲ್ಲಿಯೇ ಹುಡುಕಿ, ಅಲ್ಲಿ ಏನೂ ಸಿಗದೆ, ಕಲೆಯೇ ಬರಿದಾಯಿತೆಂದು ತೀರ್ಮಾನಿಸುತ್ತಾರೆ. ಹಾಗೆಂದು ಎಲ್ಲ ದೂರುಗಳೂ ಹುಸಿ ಎನ್ನಲಾರೆ. ಕೆಲವು ನಷ್ಟಗಳು ನಿಜವಾದವು. ಆದರೆ ಅವಕ್ಕೆ ಕಾರಣರಾದವರು ಸಾಮಾನ್ಯವಾಗಿ ಬೈಸಿಕೊಳ್ಳುವ ಹುಡುಗರಲ್ಲ.

ನಾಸ್ ಹುಟ್ಟುವುದಕ್ಕೆ ಸುಮಾರು ಒಂದು ತಿಂಗಳು ಮುಂಚೆ, 1973ರ ಆಗಸ್ಟ್ 11ರಂದು, ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡದಲ್ಲಿ ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ, ಶಾಲೆ ಶುರುವಾಗುವ ಮುನ್ನ ಹೊಸ ಬಟ್ಟೆಗೆ ಹಣ ಹೊಂದಿಸಲೆಂದು ಒಂದು ಪಾರ್ಟಿ ಏರ್ಪಡಿಸಿದಳು. ಅಲ್ಲಿ ರೆಕಾರ್ಡು ಹಾಕಿದವರು ಅವಳ ಅಣ್ಣ, ಜಮೈಕಾದಿಂದ ವಲಸೆ ಬಂದ ಕುಟುಂಬದ 18 ವರ್ಷದ ಕ್ಲೈವ್, ಅಂದರೆ ಡಿಜೆ ಕೂಲ್ ಹರ್ಕ್. ಫಂಕ್ ಎಂಬ ಕುಣಿತದ ಸಂಗೀತದ ಹಾಡುಗಳಲ್ಲಿ ಗಾಯನ ನಿಂತು ತಾಳವಾದ್ಯಗಳಷ್ಟೇ ನುಡಿಯುವ ಕೆಲವು ಸೆಕೆಂಡುಗಳ ಭಾಗಕ್ಕೆ ಬ್ರೇಕ್ ಎನ್ನುತ್ತಾರೆ. ಕುಣಿಯುವವರು ಆ ಭಾಗಕ್ಕಾಗಿಯೇ ಕಾಯುತ್ತಾರೆಂಬುದನ್ನು ಗಮನಿಸಿದ ಹರ್ಕ್, ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಒಂದರಲ್ಲಿ ಬ್ರೇಕ್ ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಆರಂಭಿಸಿ, ಕ್ಷಣಗಳನ್ನು ನಿಮಿಷಗಳಾಗಿ ಹಿಗ್ಗಿಸಿದರು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್ ಇದಕ್ಕೆ ಗಡಿಯಾರದ ನಿಖರತೆ ತಂದರು. ಗ್ರ್ಯಾಂಡ್ ವಿಝರ್ಡ್ ಥಿಯೊಡೋರ್, ರೆಕಾರ್ಡನ್ನು ಕೈಯಿಂದ ಹಿಂದೆಮುಂದೆ ಆಡಿಸಿ ಸದ್ದು ಹೊರಡಿಸುವ ಸ್ಕ್ರ್ಯಾಚ್ ಕಂಡುಹಿಡಿದರು. ಮೈಕ್ ಹಿಡಿದವನ ಮಾತು ಆ ಹೊತ್ತಿನಲ್ಲಿ ಜನರನ್ನು ಹುರಿದುಂಬಿಸುವ ಪಕ್ಕವಾದ್ಯವಾಗಿತ್ತು. ರ‍್ಯಾಪ್‌ನ ಮೊದಲ ಆರು ವರ್ಷಗಳು ಹೀಗೆ ಡಿಜೆಗಳ ಕಾಲ. ಅಂದಿನ ಪಾರ್ಟಿಗಳ ಧ್ವನಿ ಕೈಯಿಂದ ಕೈಗೆ ಸಾಗಿದ ಕ್ಯಾಸೆಟ್ಟುಗಳಲ್ಲಿ ಮಾತ್ರ ಉಳಿಯಿತು.

1979ರಲ್ಲಿ ಸಿಲ್ವಿಯಾ ರಾಬಿನ್ಸನ್ ತಮ್ಮ ಶುಗರ್‌ಹಿಲ್ ರೆಕಾರ್ಡ್ಸ್‌ನಿಂದ ‘ರ‍್ಯಾಪರ್ಸ್ ಡಿಲೈಟ್’ ಹಾಡನ್ನು ಹೊರತಂದರು. ರ‍್ಯಾಪ್‌ನ ಮೊದಲ ದೊಡ್ಡ ವ್ಯಾಪಾರಿ ಯಶಸ್ಸು ಅದು. ಹಾಡಿದ ಮೂವರನ್ನು ಅವರು ನೆರೆಯ ರಾಜ್ಯ ನ್ಯೂಜೆರ್ಸಿಯಲ್ಲಿ ಹುಡುಕಿ ಕೂಡಿಸಿದ್ದರು. ಷಿಕ್ ತಂಡದ ‘ಗುಡ್ ಟೈಮ್ಸ್’ ಹಾಡಿನ ಲಯವನ್ನು ಸ್ಟುಡಿಯೋದಲ್ಲಿ ವಾದಕರೇ ನುಡಿಸಿದ್ದರಿಂದ ಡಿಜೆಗೆ ಅಲ್ಲಿ ಕೆಲಸವೇ ಇರಲಿಲ್ಲ. ಮೂವರಲ್ಲಿ ಒಬ್ಬರಾದ ಬಿಗ್ ಬ್ಯಾಂಕ್ ಹ್ಯಾಂಕ್ ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್ ಬರೆದ ಸಾಲುಗಳನ್ನು ಎತ್ತಿಕೊಂಡಿದ್ದರು, ಅದೂ ಕ್ಯಾಝ್ ತಮ್ಮ ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳಿಕೊಂಡ ಸಾಲಿನ ಸಮೇತ. ಬ್ರಾಂಕ್ಸ್‌ನ ಹಳಬರ ಕಣ್ಣಿಗೆ ಇದು ಹೊರಗಿನವರ ನಕಲು, ಕಲೆಯ ಅಣಕ. ಗಮನಿಸಿ, ರ‍್ಯಾಪ್ ಕೆಟ್ಟಿತು ಎಂಬ ದೂರು ಹುಟ್ಟಿದ್ದು ಬಹುಜನರ ಕಿವಿಗೆ ಬಿದ್ದ ಮೊದಲ ರ‍್ಯಾಪ್ ರೆಕಾರ್ಡಿನ ಜೊತೆಗೇ. ಆ ದೂರು ನ್ಯಾಯವಾದದ್ದೂ ಆಗಿತ್ತು. ಆದರೆ ರೆಕಾರ್ಡು ಬಂದ ಮೇಲೆ ಮಾತಿಗೆ ಸಿಕ್ಕ ಮುಂಬಾಗಿಲನ್ನು ಯಾರೂ ಮತ್ತೆ ಮುಚ್ಚಲಾಗಲಿಲ್ಲ. 1982ರ ‘ದ ಮೆಸೇಜ್’ ಹಾಡಿನ ಮೇಲೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್ ಮತ್ತು ಫ್ಯೂರಿಯಸ್ ಫೈವ್ ಎಂಬ ಹೆಸರಿದ್ದರೂ, ಕೇಳಿಸುವುದು ಮೆಲಿ ಮೆಲ್ ಮತ್ತು ಡ್ಯೂಕ್ ಬೂಟಿ ಅವರ ದನಿ. ಫ್ಲ್ಯಾಷ್ ಅವರ ಕೈಚಳಕಕ್ಕೆ ಅಲ್ಲಿ ಎಡೆಯೇ ಇಲ್ಲ. ಬಡಾವಣೆಯ ಹಾಳುಬಿದ್ದ ಬದುಕನ್ನು ಹೇಳಿದ ಆ ಹಾಡು ಪಾರ್ಟಿಯಲ್ಲಿ ಯಾರಿಗೆ ಬೇಕು ಎಂದು ತಂಡದವರೇ ಹಿಂದೇಟು ಹಾಕಿದ್ದರು.

ಆ ದಿನಗಳಲ್ಲಿ ಒಂದು ತಲೆಮಾರಿನ ಆಯಸ್ಸು ನಾಲ್ಕೈದು ವರ್ಷ ಮಾತ್ರ. ಕ್ವೀನ್ಸ್‌ನ ಹಾಲಿಸ್‌ನಿಂದ ಬಂದ ರನ್ ಡಿಎಂಸಿ ತಂಡ 1983ರಲ್ಲಿ ಬರಿಯ ಡ್ರಮ್ ಮಷೀನಿನ ಮೇಲೆ ಗಡುಸಾಗಿ ಮಾತನಾಡಿದಾಗ, ತೊಗಲು ಮತ್ತು ಗರಿಗಳ ವೇಷದಲ್ಲಿ ವೇದಿಕೆಯೇರುತ್ತಿದ್ದ ಹಿಂದಿನವರು ರಾತ್ರೋರಾತ್ರಿ ಹಳಬರಾದರು.

ಮುಂದಿನ ಹತ್ತು ವರ್ಷಗಳನ್ನು ಬಹಳ ಮಂದಿ ಸುವರ್ಣಯುಗ ಎನ್ನುತ್ತಾರೆ. ಇಲ್ಲಿ ತುಸು ನಿಲ್ಲಬೇಕು, ಏಕೆಂದರೆ ಪದ್ಯದ ದೃಷ್ಟಿಯಿಂದ ಅತಿ ದೊಡ್ಡ ಪಲ್ಲಟ ನಡೆದದ್ದು ಈ ಅವಧಿಯಲ್ಲಿ. 1987ರಲ್ಲಿ ಎರಿಕ್ ಬಿ ಜೊತೆ ‘ಪೇಯ್ಡ್ ಇನ್ ಫುಲ್’ ಆಲ್ಬಮ್ ತಂದಾಗ ರಾಕಿಮ್‌ಗೆ 19 ವರ್ಷ. ಅದುವರೆಗಿನ ರ‍್ಯಾಪ್‌ನಲ್ಲಿ ಅಂತ್ಯಪ್ರಾಸವೇ ಆಧಾರ: ಸಾಲಿನ ಕೊನೆಗೆ ಪ್ರಾಸ ಬೀಳುತ್ತಿತ್ತು, ಕೇಳುವವರಿಗೆ ಅದು ಬರುವುದು ಮೊದಲೇ ಗೊತ್ತಿರುತ್ತಿತ್ತು. ಸ್ಯಾಕ್ಸೊಫೋನ್ ನುಡಿಸಿ ಬೆಳೆದ ರಾಕಿಮ್ ಸಾಲಿನ ನಡುನಡುವೆ ಒಳಪ್ರಾಸಗಳನ್ನು ಹೆಣೆದರು, ವಾಕ್ಯವನ್ನು ಸಾಲಿನ ಅಂಚು ದಾಟಿಸಿ ಮುಂದಿನ ಸಾಲಿನ ನಡುವೆ ನಿಲ್ಲಿಸಿದರು, ಕೂಗುವುದನ್ನು ಬಿಟ್ಟು ತಣ್ಣಗೆ ಮಾತನಾಡಿದರು. ಇದನ್ನು ಒಮ್ಮೆ ಕೇಳಿಬಿಟ್ಟ ಕಿವಿಗೆ ಹಿಂದಿನವರ ಸಾಲುಗಳು ಮಕ್ಕಳ ಪದ್ಯದಂತೆ ಕೇಳಿಸತೊಡಗಿದವು. ನಮ್ಮಲ್ಲಿ ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಟ್ಟಾಗ ಪದ್ಯದ ಗತಿ ಏನಾದೀತು ಎಂಬ ಆತಂಕ ಎದ್ದದ್ದನ್ನೂ, ಮುಂದಿನ ತಲೆಮಾರಿನ ಕವಿಗಳಿಗೆ ಆ ನಿಯಮ ನೆನಪಿಗೂ ಬಾರದಂತಾದದ್ದನ್ನೂ ಬಲ್ಲವರಿಗೆ ಈ ಬಗೆಯ ಪಲ್ಲಟ ಹೊಸದೇನಲ್ಲ. ದಿಕ್ಕು ಮಾತ್ರ ತಿರುಗುಮುರುಗು: ನಮ್ಮಲ್ಲಿ ಹೊಸಬರು ಪ್ರಾಸವನ್ನು ಸಡಿಲಿಸಿದರು, ಅಲ್ಲಿ ಇನ್ನಷ್ಟು ಬಿಗಿದರು.

ಇದೇ ಹೊತ್ತಿಗೆ ಸ್ಯಾಂಪ್ಲಿಂಗ್ ಯಂತ್ರಗಳು ಬಂದವು. 1987ರ ಎಸ್‌ಪಿ-1200 ಯಂತ್ರದ ನೆನಪಿನಲ್ಲಿ ಒಟ್ಟು ಸುಮಾರು ಹತ್ತು ಸೆಕೆಂಡಿನಷ್ಟು ಧ್ವನಿ ಮಾತ್ರ ಹಿಡಿಯುತ್ತಿತ್ತು. ಜಾಗ ಉಳಿಸಲು ಹಾಡು ಕಟ್ಟುವವರು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ತಿರುಗಿಸಿ ತುಂಬಿಕೊಂಡು, ಯಂತ್ರದೊಳಗೆ ಮತ್ತೆ ನಿಧಾನಗೊಳಿಸುತ್ತಿದ್ದರು. ಆ ಕಾಲದ ಹಾಡುಗಳಲ್ಲಿ ನಾವು ಮೆಚ್ಚುವ ಒರಟು ಧ್ವನಿಯ ಒಂದು ಪಾಲು ಈ ಬಡತನದ ಫಲ. ಪಬ್ಲಿಕ್ ಎನಿಮಿ ತಂಡಕ್ಕೆ ಸಂಗೀತ ಕಟ್ಟುತ್ತಿದ್ದ ಬಾಂಬ್ ಸ್ಕ್ವಾಡ್ ಗುಂಪು 1988ರ ಆಲ್ಬಮ್ಮಿನಲ್ಲಿ ಹತ್ತಾರು ರೆಕಾರ್ಡುಗಳ ಚೂರುಗಳನ್ನು ಒಂದರ ಮೇಲೊಂದು ಪೇರಿಸಿ, ಸೈರನ್ನಿನಂತೆ ಎಚ್ಚರಿಸುವ ನಾದದ ಗೋಡೆ ಕಟ್ಟಿತು. ಮರುವರ್ಷ ಡಿ ಲಾ ಸೋಲ್ ತಂಡ ಅದೇ ವಿಧಾನದಿಂದ ತೀರ ಬೇರೆಯಾದ, ತಮಾಷೆಯ, ಹಗುರ ಮನಸ್ಸಿನ ‘3 ಫೀಟ್ ಹೈ ಅಂಡ್ ರೈಸಿಂಗ್’ ಆಲ್ಬಮ್ ಮಾಡಿತು.

ಈ ಬಗೆಯ ಸಂಗೀತ ನಿಂತದ್ದಕ್ಕೆ ಅಭಿರುಚಿ ಬದಲಾದದ್ದು ಮುಖ್ಯ ಕಾರಣವಲ್ಲ. 1991ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ, ರ‍್ಯಾಪ್ ಗಾಯಕ ಬಿಝ್ ಮಾರ್ಕಿ ಅವರು ಗಾಯಕ ಗಿಲ್ಬರ್ಟ್ ಒ’ಸಲಿವನ್ ಅವರ ಹಾಡಿನ ಚೂರನ್ನು ಅನುಮತಿಯಿಲ್ಲದೆ ಬಳಸಿದ್ದಾರೆಂಬ ಪ್ರಕರಣದಲ್ಲಿ ತೀರ್ಪು ನೀಡಿತು. ಕಳವು ಮಾಡಬಾರದು ಎಂಬ ಬೈಬಲ್ಲಿನ ಆಜ್ಞೆಯಿಂದಲೇ ನ್ಯಾಯಾಧೀಶರು ತೀರ್ಪನ್ನು ಆರಂಭಿಸಿದ್ದರು. ಅಲ್ಲಿಂದ ಮುಂದೆ ರೆಕಾರ್ಡ್ ಕಂಪನಿಗಳು ಪ್ರತಿ ಚೂರಿಗೂ ಮುಂಗಡ ಅನುಮತಿ ಕೇಳತೊಡಗಿದವು. ಹತ್ತಾರು ಸ್ಯಾಂಪಲ್‌ಗಳಿಗೆ ಹಣ ತೆತ್ತು ಒಂದು ಹಾಡು ಕಟ್ಟುವುದು ಲೆಕ್ಕಕ್ಕೆ ಕೂಡದ ಮಾತಾಯಿತು. ಮೂಲ ವಾದಕರಿಗೆ ಹಣ ಸಲ್ಲಬೇಕಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅವರಲ್ಲಿಯೂ ಹೆಚ್ಚಿನವರು ಮೋಸಹೋದ ಕಪ್ಪು ಕಲಾವಿದರೇ. ಆದರೆ ಫಲವಾಗಿ ಒಂದು ಶೈಲಿಯೇ ಬಡವಾಯಿತು, ಸ್ಯಾಂಪ್ಲಿಂಗ್ ಹಣವಂತರ ಕಸುಬಾಯಿತು. ಸ್ಯಾಂಪಲ್ ಹಕ್ಕುಗಳ ಗೋಜಲು ಮತ್ತು ಕಂಪನಿಯ ಒಪ್ಪಂದದ ತಕರಾರುಗಳಿಂದ ಡಿ ಲಾ ಸೋಲ್ ತಂಡದ ಆರಂಭದ ಆಲ್ಬಮ್‌ಗಳು 2023ರ ಮಾರ್ಚ್‌ವರೆಗೂ ಸ್ಟ್ರೀಮಿಂಗ್ ಸೇವೆಗಳಲ್ಲಿ ಸಿಗಲಿಲ್ಲ. ಅವು ಬರುವುದಕ್ಕೆ ಕೆಲವೇ ವಾರ ಮೊದಲು, ತಂಡದ ಮೂವರಲ್ಲಿ ಒಬ್ಬರಾದ ಟ್ರೂಗಾಯ್ ತೀರಿಕೊಂಡಿದ್ದರು. ಮೊಬೈಲಿನಲ್ಲಿ ಇಲ್ಲದ ಹಾಡು ಇಲ್ಲವೇ ಇಲ್ಲ ಎಂಬ ಕಾಲದಲ್ಲಿ ಬೆಳೆದ ಹುಡುಗರಿಗೆ ಹಿರಿಯರ ಪರಿಚಯವಿಲ್ಲ ಎಂದು ಗದರುವವರು ಈ ಸಂಗತಿಯನ್ನು ಒಮ್ಮೆ ನೆನೆಯಬೇಕು.

ಅಮೆರಿಕದ ಪಶ್ಚಿಮ ತೀರದ ಕಥೆ ಹೆಚ್ಚು ಪರಿಚಿತವಾದ್ದರಿಂದ ಬೇಗ ದಾಟುತ್ತೇನೆ. 1991ರ ಮೇ ತಿಂಗಳಲ್ಲಿ ಜನಪ್ರಿಯ ಸಂಗೀತದ ಪಟ್ಟಿ ಪ್ರಕಟಿಸುವ ಬಿಲ್‌ಬೋರ್ಡ್ ಪತ್ರಿಕೆ ಅಂಗಡಿಯವರ ಬಾಯಿಮಾತಿನ ವರದಿ ಬಿಟ್ಟು, ಕೌಂಟರಿನಲ್ಲಿ ದಾಖಲಾದ ನಿಜ ಮಾರಾಟವನ್ನು ಎಣಿಸತೊಡಗಿತು. ಕೆಲವೇ ವಾರಗಳಲ್ಲಿ ಲಾಸ್ ಏಂಜಲೀಸ್ ಬಳಿಯ ಕಾಂಪ್ಟನ್‌ನ ಎನ್‌ಡಬ್ಲ್ಯೂಎ ತಂಡದ ಆಲ್ಬಮ್ ಮೊದಲ ಸ್ಥಾನ ಹಿಡಿಯಿತು. ಕೇಳುಗರು ಮೊದಲೂ ಇದ್ದರು, ಲೆಕ್ಕದಲ್ಲಿ ಇರಲಿಲ್ಲ. 1992ರಲ್ಲಿ ಅದೇ ತಂಡದಲ್ಲಿದ್ದ ಡಾ. ಡ್ರೆ ‘ದ ಕ್ರಾನಿಕ್’ ಆಲ್ಬಮ್ಮಿನಲ್ಲಿ ಫಂಕ್ ತಂಡ ಪಾರ್ಲಿಮೆಂಟ್-ಫಂಕಡೆಲಿಕ್‌ನ ರಾಗಗಳನ್ನು ವಾದಕರಿಂದ ಮತ್ತೆ ನುಡಿಸಿ, ಕಾರಿನಲ್ಲಿ ನಿಧಾನವಾಗಿ ಸಾಗುತ್ತ ಕೇಳುವ ಸಂಗೀತ ಮಾಡಿದರು. 1996ರ ಸೆಪ್ಟೆಂಬರಿನಲ್ಲಿ ಪಶ್ಚಿಮ ತೀರದ ರ‍್ಯಾಪ್ ತಾರೆ ಟುಪಾಕ್, 1997ರ ಮಾರ್ಚಿನಲ್ಲಿ ನ್ಯೂಯಾರ್ಕಿನ ನಟೋರಿಯಸ್ ಬಿಐಜಿ ಗುಂಡಿಗೆ ಬಲಿಯಾದರು. ಒಬ್ಬರಿಗೆ 25, ಇನ್ನೊಬ್ಬರಿಗೆ 24. ಇಬ್ಬರೂ ಮುಪ್ಪು ಕಾಣಲಿಲ್ಲವಾದ್ದರಿಂದ ತೊಂಬತ್ತರ ದಶಕಕ್ಕೆ ಒಂದು ಪೌರಾಣಿಕ ಹೊಳಪು ಬಂದಿತು, ಮುಂದಿನವರನ್ನು ಅಳೆಯುವ ಅನ್ಯಾಯದ ಅಳತೆಗೋಲೂ ಆಯಿತು.

ತಲೆಮಾರಿನ ಜಗಳದ ಒಳಗೆ ಊರಿನ ಜಗಳವೂ ಅಡಗಿರುತ್ತದೆ. 1995ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಸೋರ್ಸ್ ಎಂಬ ರ‍್ಯಾಪ್ ಪತ್ರಿಕೆಯ ಪ್ರಶಸ್ತಿ ಸಮಾರಂಭದಲ್ಲಿ ಅಮೆರಿಕದ ದಕ್ಷಿಣ ಭಾಗದ ಅಟ್ಲಾಂಟಾದ ಔಟ್‌ಕಾಸ್ಟ್ ತಂಡಕ್ಕೆ ಬಹುಮಾನ ಬಂದಾಗ ಸಭಿಕರು ಕೂಗಿ ಅವಮಾನಿಸಿದರು. ದಕ್ಷಿಣಕ್ಕೂ ಹೇಳುವುದು ಏನೋ ಇದೆ ಎಂದು ಹೇಳಿ ತಂಡದ ಆಂಡ್ರೆ 3000 ವೇದಿಕೆ ಇಳಿದರು. ಹತ್ತು ವರ್ಷದೊಳಗೆ ಅವರ ತಂಡ ವರ್ಷದ ಆಲ್ಬಮ್‌ಗಾಗಿ ಗ್ರ್ಯಾಮಿ ಪಡೆಯಿತು. ರ‍್ಯಾಪ್‌ನ ರಾಜಧಾನಿಯೇ ಅಟ್ಲಾಂಟಾಕ್ಕೆ ಸರಿಯಿತು. ನಾಸ್ 2006ರಲ್ಲಿ ಮರಣವಾರ್ತೆ ಸಾರಿದಾಗ ದಕ್ಷಿಣದ ಹಲವರು ಅದನ್ನು ತಮ್ಮ ಮೇಲಿನ ಟೀಕೆಯೆಂದೇ ಓದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ದಕ್ಷಿಣದವರು ಪ್ರಾಸದ ಹೆಣಿಗೆಗಿಂತ ನಡೆಯನ್ನೂ ಮಂದ್ರನಾದವನ್ನೂ ದುಡಿಸಿಕೊಂಡರು. ರೋಲಂಡ್ ಕಂಪನಿಯ ಟಿಆರ್-808 ಡ್ರಮ್ ಮಷೀನು 1980ರಿಂದ 1983ರವರೆಗೆ ಮಾತ್ರ ತಯಾರಾಯಿತು. ಅದು ನಿಜವಾದ ಡ್ರಮ್ಮಿನಂತೆ ಕೇಳಿಸುತ್ತಿರಲಿಲ್ಲವಾದ್ದರಿಂದ ವ್ಯಾಪಾರದಲ್ಲಿ ಸೋತು, ಹಳೇ ಸಾಮಾನಿನ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತಿತ್ತು. ಅದರ ದೀರ್ಘವಾಗಿ ಅನುರಣಿಸುವ ಪೆಟ್ಟೇ ಮುಂದೆ ದಕ್ಷಿಣದ ಟ್ರ್ಯಾಪ್ ಎಂಬ ರ‍್ಯಾಪ್ ಶೈಲಿಯ ಬೆನ್ನೆಲುಬಾಯಿತು. ಇನ್ನು ನಡೆಯ ವಿಷಯ. ಮಿಗೋಸ್ ತಂಡ 2013ರ ‘ವರ್ಸಾಚೆ’ ಹಾಡಿನಲ್ಲಿ ಮಾತನ್ನು ಮೂರು ಮೂರು ಅಕ್ಷರಗಳ ಗುಂಪಾಗಿ ಬೀಟಿನ ಮೇಲೆ ಕೂರಿಸಿತು. ಕರ್ನಾಟಕ ಸಂಗೀತ ಕೇಳಿದವರು ಇದನ್ನು ಚತುರಶ್ರದ ತಾಳದಲ್ಲಿ ತಿಶ್ರ ನಡೆ ಎಂದು ತಕ್ಷಣ ಗುರುತಿಸುತ್ತಾರೆ. ಮೆಂಫಿಸ್‌ನ ಲಾರ್ಡ್ ಇನ್ಫೇಮಸ್ ತೊಂಬತ್ತರ ದಶಕದಲ್ಲೇ ಇದನ್ನು ಮಾಡಿದ್ದರು, ಆದರೆ ಆಗ ನ್ಯೂಯಾರ್ಕ್ ಅತ್ತ ಕಿವಿಗೊಟ್ಟಿರಲಿಲ್ಲ. ಈ ನಡೆಯಲ್ಲಿ ಪದಗಳು ಸಹಜವಾಗಿಯೇ ಚಿಕ್ಕವಾಗುತ್ತವೆ, ಪುನರುಕ್ತಿ ಹೆಚ್ಚುತ್ತದೆ. ರಾಕಿಮ್‌ನ ಅಳತೆಗೋಲು ಹಿಡಿದು ನೋಡಿದರೆ ಇದು ಬಡ ಪದ್ಯ. ಲಯದ ಅಳತೆಗೋಲು ಹಿಡಿದರೆ ಬಹಳ ಚುರುಕಾದ ಕಸುಬು.

ಧ್ವನಿಯ ವಿಚಾರದಲ್ಲಿ ಜಗಳ ಇನ್ನೂ ಜೋರಾಯಿತು. ತಾಯಿಯನ್ನು ಕಳೆದುಕೊಂಡ ಮರುವರ್ಷ, 2008ರಲ್ಲಿ, ಕಾನ್ಯೆ ವೆಸ್ಟ್ ಆಟೋಟ್ಯೂನ್ (ಹಾಡುವವರ ಶ್ರುತಿಯನ್ನು ತಿದ್ದುವ ತಂತ್ರಾಂಶ) ತುಂಬಿದ ದನಿಯಲ್ಲಿ ಒಂದಿಡೀ ಆಲ್ಬಮ್ ಹಾಡಿದರು. 2009ರಲ್ಲಿ ಜೇ-ಝೀ ಆಟೋಟ್ಯೂನ್‌ಗೆ ಮರಣಶಾಸನ ಬರೆಯುವ ಹಾಡನ್ನೇ ಹೊರತಂದರು. ಗೆದ್ದದ್ದು ಆಟೋಟ್ಯೂನ್. ಫ್ಯೂಚರ್, ಯಂಗ್ ಥಗ್ ಮೊದಲಾದವರು ದನಿಯನ್ನೇ ವಾದ್ಯವಾಗಿಸಿ, ಪದವನ್ನು ಅಸ್ಪಷ್ಟವಾಗಿಸಿ, ಅರ್ಥಕ್ಕಿಂತ ಮೊದಲು ಭಾವ ಮುಟ್ಟುವಂತೆ ಮಾಡಿದರು. ಹಿರಿಯರು ಇದನ್ನು ಗೊಣಗುವ ರ‍್ಯಾಪ್ ಎಂದು ಹೀಯಾಳಿಸಿದರು. ನನ್ನ ಮಟ್ಟಿಗೆ ಹೇಳುವುದಾದರೆ, ಯಂಗ್ ಥಗ್‌ನ ಒಳ್ಳೆಯ ಹಾಡುಗಳಲ್ಲಿ ಸಿಗುವುದು ಬೇರೆಲ್ಲೂ ಸಿಗದು. ಅವರನ್ನು ಅನುಕರಿಸಿದ ನೂರಾರು ಮಂದಿಯ ಹಾಡುಗಳಲ್ಲಿ ಮಾತ್ರ ಗೊಣಗಾಟವಷ್ಟೇ ಉಳಿದಿದೆ. ರಾಕಿಮ್ ಅವರನ್ನು ಅನುಕರಿಸಿದ ನೂರಾರು ಮಂದಿಯನ್ನು ನಾವು ಮರೆತಿದ್ದೇವೆ, ಆದ್ದರಿಂದ ಆ ಕಾಲ ನಮಗೆ ಶುಭ್ರವಾಗಿ ಕಾಣುತ್ತದೆ.

2016ರಲ್ಲಿ ಅಟ್ಲಾಂಟಾ ಕಡೆಯ ಲಿಲ್ ಯಾಟಿ ಎಂಬ ಹದಿಹರೆಯದ ಗಾಯಕ, ಟುಪಾಕ್ ಮತ್ತು ಬಿಐಜಿ ಅವರ ಐದು ಹಾಡುಗಳ ಹೆಸರನ್ನೂ ತಾನು ಹೇಳಲಾರೆ ಎಂದು ಸಂದರ್ಶನದಲ್ಲಿ ಹೇಳಿ ದೊಡ್ಡ ಗದ್ದಲಕ್ಕೆ ಕಾರಣನಾದ. ಅವನು ಹುಟ್ಟಿದ್ದು 1997ರ ಆಗಸ್ಟಿನಲ್ಲಿ, ಅಂದರೆ ಆ ಇಬ್ಬರೂ ಸತ್ತ ಮೇಲೆ. ಅವನ ಮಾತಿನಲ್ಲಿ ಉಡಾಫೆ ಇರಲಿಲ್ಲವೆಂದಲ್ಲ. ಆದರೆ ಒಂದು ಲೆಕ್ಕ ಹಾಕಿ ನೋಡೋಣ. 1994ರಲ್ಲಿ 20 ವರ್ಷದ ನಾಸ್ ‘ಇಲ್‌ಮ್ಯಾಟಿಕ್’ ಆಲ್ಬಮ್ ತಂದಾಗ ರೆಕಾರ್ಡಿಗೆ ಬಂದ ರ‍್ಯಾಪ್‌ನ ವಯಸ್ಸು 15 ವರ್ಷ. ಶ್ರದ್ಧೆಯುಳ್ಳ ಹುಡುಗನೊಬ್ಬ ಆ ಪರಂಪರೆಯ ಮುಖ್ಯ ಕೃತಿಗಳೆಲ್ಲವನ್ನೂ ಕೇಳಿ ಮುಗಿಸಬಹುದಿತ್ತು, ಅವುಗಳ ಕರ್ತೃಗಳನ್ನು ಬೀದಿಯಲ್ಲಿ ಕಾಣಲೂಬಹುದಿತ್ತು. 2016ರ ವೇಳೆಗೆ ಆ ವಯಸ್ಸು 37 ವರ್ಷ. ಹುಡುಗರು ಕಡಿಮೆ ಕಲಿತರು ಎಂಬುದಕ್ಕಿಂತ ಕಲಿಯಬೇಕಾದದ್ದು ಬೆಟ್ಟದಷ್ಟಾಯಿತು ಎಂಬುದು ಸತ್ಯಕ್ಕೆ ಹತ್ತಿರ.

ಸ್ಟ್ರೀಮಿಂಗ್ ಮಾಡಿದ ಬದಲಾವಣೆಯನ್ನು ಮಾತ್ರ ನಾನು ಸಂದೇಹದಿಂದಲೇ ನೋಡುತ್ತೇನೆ. ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳಿದರೆ ಒಂದು ಎಣಿಕೆ. ಹಾಡು ಎರಡು ನಿಮಿಷದ್ದಾದರೂ ಐದು ನಿಮಿಷದ್ದಾದರೂ ಎಣಿಕೆ ಒಂದೇ. ಆದ್ದರಿಂದ ಹಾಡುಗಳು ಚಿಕ್ಕವಾದವು, ಆಲ್ಬಮ್‌ಗಳು ಉದ್ದವಾದವು. ಮಿಗೋಸ್‌ನ 2018ರ ಆಲ್ಬಮ್ಮಿನಲ್ಲಿ 24 ಹಾಡುಗಳಿವೆ. ನಾಸ್‌ನ ‘ಇಲ್‌ಮ್ಯಾಟಿಕ್’ ಮುನ್ನುಡಿಯೂ ಸೇರಿ ಹತ್ತರಲ್ಲಿ ಮುಗಿದಿತ್ತು. 2019ರಲ್ಲಿ 19 ವಾರ ಅಮೆರಿಕದ ಹಾಡುಗಳ ಪಟ್ಟಿಯ ಮೊದಲ ಸ್ಥಾನದಲ್ಲಿದ್ದ ‘ಓಲ್ಡ್ ಟೌನ್ ರೋಡ್’ ಹಾಡಿನ ಮೂಲ ರೂಪ ಎರಡು ನಿಮಿಷವನ್ನೂ ಮುಟ್ಟುವುದಿಲ್ಲ. ಹಾಡಿದ ಹುಡುಗ ಇಟ್ಟುಕೊಂಡ ಹೆಸರು ಲಿಲ್ ನಾಸ್ ಎಕ್ಸ್. ಹಿಪ್‌ಹಾಪ್ ಸತ್ತಿದೆ ಎಂದವರ ಹೆಸರನ್ನೇ ಗೌರವದಿಂದ ಎರವಲು ಪಡೆದ ಅವನ ಜೊತೆ ಮರುವರ್ಷ ನಾಸ್ ಸ್ವತಃ ಹಾಡಿದರು. ಕಥೆ ಚೆನ್ನಾಗಿದೆ, ಆದರೆ ಮೂರು ಚರಣಗಳಲ್ಲಿ ಒಂದು ವಾದವನ್ನೋ ಒಂದು ಕಥೆಯನ್ನೋ ಬೆಳೆಸುವ ಅವಕಾಶ ಈ ಅಳತೆಯ ಹಾಡಿನಲ್ಲಿ ಇಲ್ಲ. ಇದು ನಿಜವಾದ ನಷ್ಟ, ಇದನ್ನು ತಂದದ್ದು ಪಾವತಿಯ ಪದ್ಧತಿ.

ಇನ್ನೊಂದು ಬದಿಗೆ, ಸುವರ್ಣಯುಗವನ್ನು ಕೊಂಡಾಡುವವರು ಹೆಣ್ಣುಮಕ್ಕಳ ಲೆಕ್ಕ ಬಂದಾಗ ಮೆತ್ತಗಾಗುತ್ತಾರೆ. ಆರಂಭದಲ್ಲಿಯೇ ಷಾ-ರಾಕ್ ಇದ್ದರು, 1984ರಲ್ಲಿ 14 ವರ್ಷದ ರಾಕ್ಸ್ಯಾನ್ ಶಾಂಟೆ ಒಂದು ಪ್ರತ್ಯುತ್ತರದ ಹಾಡಿನಿಂದಲೇ ನಗರವನ್ನು ನಡುಗಿಸಿದ್ದರು. ಆದರೂ ಅತ್ಯುತ್ತಮ ರ‍್ಯಾಪ್ ಆಲ್ಬಮ್ ಗ್ರ್ಯಾಮಿಯನ್ನು ತನ್ನೊಬ್ಬಳ ಹೆಸರಿನಲ್ಲಿ ಮಹಿಳೆಯೊಬ್ಬಳು ಮೊದಲ ಬಾರಿಗೆ ಪಡೆದದ್ದು 2019ರಲ್ಲಿ, ಕಾರ್ಡಿ ಬಿ.

ಬೆಂಗಳೂರಿನ ಕೇಳುಗರಿಗೆ ಈ ಯುಗಗಳು ಅನುಕ್ರಮವಾಗಿ ಬರಲಿಲ್ಲ. ಕೇಬಲ್ ಟಿವಿ ಮತ್ತು ಕ್ಯಾಸೆಟ್ಟುಗಳ ಕಾಲದಲ್ಲಿ ಟುಪಾಕ್, ಎಮಿನೆಮ್ ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೇ ಬಂದರು, ಆದ್ದರಿಂದ ಹಳಬರು-ಹೊಸಬರು ಎಂಬ ಜಗಳ ಇಲ್ಲಿ ಅಷ್ಟು ಕಾವೇರಲಿಲ್ಲ. ಬ್ರೋಧ ವಿ 2012ರಲ್ಲಿ ಇಂಗ್ಲಿಷ್ ರ‍್ಯಾಪಿಗೆ ರಾಮಭಜನೆಯನ್ನು ಬೆಸೆದಾಗ ಯಾವ ಪರಂಪರೆಯ ಕಾವಲುಗಾರರೂ ತಡೆಯಲು ಬರಲಿಲ್ಲ. ಇದೇ ನಗರದಲ್ಲಿ ಹಾಡಲು ತೊಡಗಿದ ಹನುಮಾನ್‌ಕೈಂಡ್ ಅವರ 2024ರ ‘ಬಿಗ್ ಡಾಗ್ಸ್’ ಹಾಡು ಹೊರಗೆಲ್ಲ ಹೆಸರು ಮಾಡಿತು. ಕೇರಳ ಮೂಲದ ಅವರು ಬೆಳೆದದ್ದು ಹ್ಯೂಸ್ಟನ್‌ನಲ್ಲಿ. ನ್ಯೂಯಾರ್ಕ್ ಒಮ್ಮೆ ಗೇಲಿ ಮಾಡಿದ ಆ ದಕ್ಷಿಣದ ಉಚ್ಚಾರ ಅವರ ಮಾತಿನಲ್ಲಿ ಸ್ಪಷ್ಟವಾಗಿದೆ.

ಈಗ ರ‍್ಯಾಪ್ ತನಗೆ ಹಿಂದೆಂದೂ ಎದುರಾಗದ ಸ್ಥಿತಿಯಲ್ಲಿದೆ: ಹಳೆಯ ತಲೆಮಾರು ವೇದಿಕೆ ಬಿಟ್ಟಿಲ್ಲ. 2024ರಲ್ಲಿ ಕೆಂಡ್ರಿಕ್ ಲಾಮಾರ್ ಮತ್ತು ಡ್ರೇಕ್ ನಡುವೆ ನಡೆದ ಪದ್ಯಸಮರವನ್ನು ಜಗತ್ತು ಸಾಲು ಸಾಲಾಗಿ ಬಿಡಿಸಿ ಅರ್ಥ ಹೇಳಿಕೊಂಡು ಕೇಳಿತು. ಮಾತಿಗೆ ಬೆಲೆ ಹೋಯಿತೆಂಬ ದೂರು ಅಷ್ಟರಮಟ್ಟಿಗೆ ಸುಳ್ಳಾಯಿತು. ಆದರೆ ಸೆಣಸಿದ ಇಬ್ಬರೂ ನಲವತ್ತರ ಹೊಸ್ತಿಲಲ್ಲಿದ್ದವರು. ರಾಕಿಮ್‌ನ ಕಾಲದಲ್ಲಿ ಆ ವಯಸ್ಸಿನವರಿಗೆ ಇಲ್ಲಿ ಜಾಗವಿರಲಿಲ್ಲ. ನಡುವಯಸ್ಸಿನ ಬದುಕನ್ನು ರ‍್ಯಾಪ್‌ನಲ್ಲಿ ಹೇಳುವುದು ಹೇಗೆ ಎಂಬುದಕ್ಕೆ ಜೇ-ಝೀ 2017ರಲ್ಲಿ, ತಮ್ಮ 47ನೇ ವಯಸ್ಸಿನಲ್ಲಿ, ಹೆಂಡತಿಯ ಮುಂದೆ ತಪ್ಪೊಪ್ಪಿಕೊಳ್ಳುವ ಆಲ್ಬಮ್ಮಿನಿಂದ ಉತ್ತರಿಸಿದರು. ಆಂಡ್ರೆ 3000 ತಮ್ಮ 48ನೇ ವಯಸ್ಸಿನಲ್ಲಿ, ದೃಷ್ಟಿ ಮಂದವಾಗುತ್ತಿದೆ ಎಂದು ರ‍್ಯಾಪ್ ಮಾಡಲೇ ಎಂದು ನಕ್ಕು, ಮಾತೇ ಇಲ್ಲದ ಕೊಳಲಿನ ಆಲ್ಬಮ್ ತಂದರು. ನಾಸ್ ಸುಮ್ಮನೆ ಬರೆಯುತ್ತ ಹೋದರು. ಅವರಿಗೆ ಮೊದಲ ಗ್ರ್ಯಾಮಿ ಸಿಕ್ಕಿದ್ದು 2021ರಲ್ಲಿ, ತಾವೇ ಸತ್ತಿದೆ ಎಂದ ಕಲೆಯಲ್ಲಿ.

ಮಾತು ಮುಗಿದ ಮೇಲೆ ಸಭಿಕರೊಬ್ಬರು, ಇಷ್ಟೆಲ್ಲ ಹೇಳಿದಿರಿ, ನಿಮಗೆ ಒಂದೇ ಕಾಲವನ್ನು ಆರಿಸಿಕೊಳ್ಳಿ ಎಂದರೆ ಯಾವುದು ಎಂದು ಕೇಳಿದರು. ನಾನು 1987ರಿಂದ 1991ರವರೆಗಿನ ಅವಧಿಯನ್ನು ಆರಿಸಿಕೊಂಡೆ, ಈಗಲೂ ಆರಿಸುತ್ತೇನೆ. ಆಗಿನವರು ಈಗಿನವರಿಗಿಂತ ಪ್ರತಿಭಾವಂತರೆಂದು ನಾನು ಭಾವಿಸಿಲ್ಲ. ಉಳಿದ ಶೈಲಿಗಳು ತಮ್ಮ ಕಸುವು ತೀರುವ ತನಕ ಬಾಳಿ ಹೋದವು. ಆ ಒಂದು ಶೈಲಿ ಮಾತ್ರ ಬೆಳೆಯುತ್ತಿರುವಾಗಲೇ ನ್ಯಾಯಾಲಯದಲ್ಲಿ ನಿಂತುಹೋಯಿತು. ಎಲ್ಲಿಂದ ಕೇಳಲು ಆರಂಭಿಸಬೇಕೆಂದು ಕೇಳಿದ ಕಿರಿಯರಿಗೆ ಡಿ ಲಾ ಸೋಲ್‌ನ 1989ರ ಆಲ್ಬಮ್ಮನ್ನೂ, ಅದರ ಬೆನ್ನಿಗೆ ಔಟ್‌ಕಾಸ್ಟ್‌ನ 1998ರ ‘ಅಕ್ವೆಮಿನೈ’ ಆಲ್ಬಮ್ಮನ್ನೂ ಸೂಚಿಸಿದೆ. ಎರಡೂ ಈಗ ಮೊಬೈಲಿನಲ್ಲಿ ಸಿಗುತ್ತವೆ.